ಎಂಬತ್ತೆಂಟನೇ ಬಿಲ್ಲೆ

ಕೆಮ್ಮರಡಿಗೆ ಬಸ್ಸು ಈಗ ಕ್ರಾಸಿನ ತನಕ ಮಾತ್ರ.
ದುರ್ಗದಿಂದ ಬರುವ ಕಂಡಕ್ಟರು
"ಗಣಿ ಯಾರ್ರೀ, ಗಣಿ" ಎಂದು ಕೂಗುವುದು ಬಿಟ್ಟಿಲ್ಲ,
ಇಳಿಯುವವಳು ನಾನೊಬ್ಬಳೇ ಆದರೂ.

ಗುಡ್ಡದ ನೆತ್ತಿಯಲ್ಲಿ ಬಿಳಿ ಗಾಳಿಯಂತ್ರ,
ಕೆಳಗೆಲ್ಲ ಜಾಲಿ.
ಜಾಲಿಯೊಳಗೆ ಎ ಲೈನು, ಬಿ ಲೈನು,
ಬಾಗಿಲಿಲ್ಲದ, ಹಂಚಿಲ್ಲದ,
ನಂಬರು ಮಾತ್ರ ಉಳಿದ ಮನೆಗಳು.
ಬಿ ಹದಿನೇಳು ನಮ್ಮದು.
ಅವ್ವ ಒಲೆ ಹಾಕಿದ್ದ ಜಾಗದಲ್ಲೇ
ಒಂದು ಸೀತಾಫಲದ ಗಿಡ ಎದ್ದಿದೆ.

ಗಣಿಯ ಕೂಗೇ ನಮಗೆ ಗಡಿಯಾರ.
ಆರಕ್ಕೆ, ಎರಡಕ್ಕೆ, ರಾತ್ರಿ ಹತ್ತಕ್ಕೆ.
ಎರಡರ ಕೂಗಿಗೆ ಬಿ ಲೈನು ಪೂರಾ
ಮುದ್ದೆಗೆ ಎಸರಿಡುತ್ತಿತ್ತು.
ಹೊತ್ತಲ್ಲದ ಹೊತ್ತಲ್ಲಿ ಕೂಗಿದರೆ ಮಾತ್ರ
ಯಾರೂ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಕೋಲಾರದಿಂದ ಬಂದ ಅಂತೋಣಿಸಾಮಿ ಬಂಡೆ ಕೊರೆಯುವವನು.
ಅವನ ತಮಿಳಿಗೆ ಕಲ್ಲು ಆರಿಸುವ ಕಾಟಮ್ಮ
ತೆಲುಗಿನಲ್ಲಿ ಉತ್ತರ ಕೊಡುತ್ತಿದ್ದಳು;
ಇಬ್ಬರೂ ಅದನ್ನು ಕನ್ನಡವೆಂದೇ ನಂಬಿದ್ದರು.
ಮಾಬುಸಾಬರು ತೊಟ್ಟಿಲು ಇಳಿಸುವವರು.
(ಗಣಿಯ ಪಂಜರಕ್ಕೆ ನಮ್ಮಲ್ಲಿ ತೊಟ್ಟಿಲೆಂದೇ ಹೆಸರು.)
ಒಂದು ಗಂಟೆ ಅಂದರೆ ನಿಲ್ಲಿಸು,
ಎರಡು ಅಂದರೆ ಇಳಿಸು,
ಮೂರು ಅಂದರೆ ಮನುಷ್ಯರಿದ್ದಾರೆ, ಮೆಲ್ಲಗೆ.
ಚೊಚ್ಚಲ ಮಗಳು ಹುಟ್ಟಿದ ದಿನ
ಬಾಗಿಲಿಗೆ ಮೂರು ಸಲ ಬಡಿದೇ ಒಳಗೆ ಹೋದರಂತೆ.

ನಮಗೆ, ಮಕ್ಕಳಿಗೆ, ಗಣಿಯೆಂದರೆ ನೀಲಿ ನೀರಿನ ಚರಂಡಿ.
ಕಬ್ಬಿಣದ ಮೊಳೆ ಬಿಟ್ಟು ಬೆಳಗ್ಗೆ ತೆಗೆದರೆ
ಮೊಳೆಗೆ ತಾಮ್ರದ ಅಂಗಿ.
ಕೋಟೆ ನೋಡಲು ಹೋದಾಗ
ದುರ್ಗದ ಹುಡುಗರಿಗೆ ನಾಲ್ಕಾಣೆಗೊಂದು ಮಾರಿದ್ದೆವು.
ಉಗುರಲ್ಲಿ ಕೆರೆದರೆ ಬಯಲಾಗುತ್ತಿತ್ತು,
ಅದಕ್ಕೇ ಮಾರಿದ ಕೂಡಲೇ ಓಡುತ್ತಿದ್ದೆವು.

ಅಪ್ಪ, ಲ್ಯಾಂಪ್ ರೂಮಿನ ಪಾಲಯ್ಯ.
ಇಳಿಯುವವನಿಗೆ ಒಂದು ದೀಪ, ಒಂದು ಹಿತ್ತಾಳೆ ಬಿಲ್ಲೆ.
ಬಿಲ್ಲೆ ಬಂದರೆ ಆಳು ಬಂದ.
ಹಲಗೆಯಲ್ಲಿ ಖಾಲಿ ಮೊಳೆ ಇರುವ ತನಕ
ಅಪ್ಪ ಬೀಗ ಹಾಕುವಂತಿಲ್ಲ.
ಒಂದು ರಾತ್ರಿ ಮೂರು ಮೊಳೆ ಖಾಲಿ ಇದ್ದವು.
ಅದರ ಮಾತು ನಮ್ಮ ಮನೆಯಲ್ಲಿ ಆಡುವುದಿಲ್ಲ.
ಆ ಮೂರು ನಂಬರು ಆಮೇಲೆ ಯಾರಿಗೂ ಕೊಡಲಿಲ್ಲ.

ತಾಮ್ರದ ರೇಟು ಬಿತ್ತಂತೆ.
ಎಲ್ಲೋ ಬಿದ್ದದ್ದು
ಇಲ್ಲಿ ನಾನೂರು ಅಡಿ ಆಳಕ್ಕೆ ಕೇಳಿಸಿತು.
ಕೊನೆಯ ಪಾಳಿ ಮೇಲೆ ಬಂದ ದಿನ
ಕ್ಯಾಂಟೀನಿನವರು ಮಂಡಕ್ಕಿ ಮೆಣಸಿನಕಾಯಿ ಹಂಚಿದರು,
ಖಾತೆಗೆ ಬರೆಯದೆ, ಅದೇ ಮೊದಲ ಸಲ.
ಅಪ್ಪ ಬಿಲ್ಲೆ ಎಣಿಸಿದ.
ಒಂದು ಕಡಿಮೆ.
ಎಂಬತ್ತೆಂಟು. ಗಾದ್ರಯ್ಯ.

ಗಾದ್ರಯ್ಯ ಎದುರಿಗೇ ಕೂತಿದ್ದ, ಕೈಯಲ್ಲಿ ಪೊಟ್ಟಣ.
"ಬಿಲ್ಲೆ ಕೊಡೋ."
"ಕೊಡಲ್ಲ."
"ಕೊಡದಿದ್ರೆ ನೀನು ಒಳಗೇ ಇದೀಯ ಅಂತ ಲೆಕ್ಕ."
"ಹಂಗೇ ಬರ್ಕೋ."

ರಾತ್ರಿಯಿಡೀ ಅಪ್ಪ ಬಾಗಿಲು ತೆರೆದು ಕಾದ. ನಿಯಮ.
ಎದುರು ಕಟ್ಟೆಯ ಮೇಲೆ
ಒಳಗಿರುವ ಮನುಷ್ಯ ಬೀಡಿ ಸೇದುತ್ತ
ಜೊತೆಗೆ ಕೂತ.
ಬೆಳಗಿನ ಆರಕ್ಕೆ ಕೂಗಾಗಲಿಲ್ಲ;
ಎರಡೂ ಲೈನಿನ ಒಲೆ ಮಾತ್ರ ಹೊತ್ತಿಗೇ ಹೊತ್ತಿದವು.
ರಿಜಿಸ್ಟರಿನ ಕೊನೆಯ ಸಾಲು, ಅಪ್ಪನ ದುಂಡಕ್ಷರ:
ಇಳಿದವರು ನಲವತ್ತೊಂದು. ಬಂದವರು ನಲವತ್ತು.

ಅಂತೋಣಿಸಾಮಿ ಕೋಲಾರಕ್ಕೆ ಮರಳಿದ,
ಅಲ್ಲೂ ಬಾಗಿಲು ಹಾಕುವ ಮಾತು ನಡೆದಿತ್ತು.
ಕಾಟಮ್ಮ ಹಿರಿಯೂರಲ್ಲಿ ಇಟ್ಟಿಗೆ ಹೊತ್ತಳು.
ಮಾಬುಸಾಬರ ಮೊಮ್ಮಗ ದಾವಣಗೆರೆಯ ಲಾಡ್ಜೊಂದರಲ್ಲಿ
ಲಿಫ್ಟು ನಡೆಸುತ್ತಾನೆಂದು ಯಾರೋ ಹೇಳಿದರು,
ನಾನು ನಂಬಲಿಲ್ಲ.

ಗಾದ್ರಯ್ಯನ ಮಣ್ಣು ಮುಗಿಸಿ ಅವನ ಸೊಸೆ
ಬಿಲ್ಲೆ ತಂದು ನನ್ನ ಕೈಗಿಟ್ಟಳು.
ಇಸಿದುಕೊಳ್ಳಲು ಅಪ್ಪ ಇರಲಿಲ್ಲ.
ಅದನ್ನು ಸೆರಗಿಗೆ ಗಂಟು ಹಾಕಿ ಬಂದಿದ್ದೇನೆ.
ಲ್ಯಾಂಪ್ ರೂಮಿನ ಒಂದು ಗೋಡೆ ಇದೆ.
ಹಲಗೆ ಯಾರದೋ ಒಲೆಗೆ ಹೋಗಿರಬೇಕು.

ಮೇಕೆ ಹೊಡೆದುಕೊಂಡು ಬಂದ ಹುಡುಗ
"ಏನಕ್ಕ ಹುಡುಕ್ತಿದೀಯ?" ಅಂದ.
ಒಂದು ಮೊಳೆ, ಅಂದೆ.
ಅವನು ಚರಂಡಿಯ ಕಡೆ ಗದ್ದ ತೋರಿಸಿದ:
"ಇವತ್ತೇ ಬಿಟ್ಟಿದೀನಿ.
ನಾಳೆ ಬಾ,
ಕೆಂಪಗಾಗಿರ್ತೈತೆ."